ಕೆರೆಯಂಚಿನ ಕೊಳವೆಬಾವಿಗಳ ನೀರಿನ ಪರೀಕ್ಷೆ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಬೆಂಗಳೂರಿನ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಯತೊಡಗಿದ ಮೇಲೆ, ಕೋಲಾರ ಜಿಲ್ಲೆಯಲ್ಲಿ ಬತ್ತಿದ್ದ ಎಷ್ಟೋ ಕೊಳವೆಬಾವಿಗಳು ಮರುಜೀವ ಪಡೆದಿವೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಗೆ ಇದು ಸಣ್ಣ ಉಪಕಾರವಲ್ಲ. ಆದರೆ ಬೆಂಗಳೂರಿನಿಂದ ಹೀಗೆ ಬಂದದ್ದು ಎರಡನೇ ಹಂತದವರೆಗೆ ಸಂಸ್ಕರಿಸಿದ ತ್ಯಾಜ್ಯನೀರು. ಈ ಹಂತದಲ್ಲಿ ಸಾವಯವ ಕೊಳೆ ಬಹುಪಾಲು ಹೋದರೂ ಸಾರಜನಕ, ರಂಜಕಗಳು ಸಾಕಷ್ಟು ಉಳಿಯುವುದರಿಂದ ಕೆರೆಯಲ್ಲಿ ಪಾಚಿ ಮತ್ತು ಜಲಕಳೆ ಬೇಗ ಹಬ್ಬುತ್ತವೆ. ಇವನ್ನೂ ತೆಗೆಯುವ ಮೂರನೇ ಹಂತದ ಸಂಸ್ಕರಣೆ ಆಗಲೇಬೇಕೆಂಬ ರೈತರ ಬೇಡಿಕೆ ಸಂಪೂರ್ಣ ನ್ಯಾಯವಾದದ್ದೆಂದು ನಾನು ನಂಬುತ್ತೇನೆ.

ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣವಾದ್ದರಿಂದ ಕೆರೆಗೆ ನೇರವಾಗಿ ಪಂಪ್ ಇಳಿಸಿ ನೀರೆತ್ತುವುದನ್ನು ದಯವಿಟ್ಟು ಯಾರೂ ಮಾಡಬಾರದು.

ಕೆರೆಯಂಚಿನ ಕೊಳವೆಬಾವಿಯ ನೀರನ್ನು ಕುಡಿಯುವವರು ಮುಂಗಾರಿಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಪರೀಕ್ಷೆ ಮಾಡಿಸಬೇಕೆಂದು ಕೋರುತ್ತೇನೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಒಂದು ಲೀಟರಿನಲ್ಲಿ ಸಾರಜನಕದ ಒಂದು ರೂಪವಾದ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ ಅವಕಾಶವಿದೆ. ನೀರು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ನೈಟ್ರೇಟ್ ಕಡಿಮೆಯಾಗುವುದಿಲ್ಲ, ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಹಸುಗೂಸುಗಳಿರುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮಾದರಿ ತೆಗೆಯುವಾಗ ಮೋಟಾರನ್ನು ಕೆಲವು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಬಳಿಕ ಬಾಟಲಿ ತುಂಬಿಸಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯ ಕೊಡುವ ಶುದ್ಧೀಕರಿಸಿದ ಬಾಟಲಿಯನ್ನೇ ಬಳಸಿ, ತಂಪಾಗಿಟ್ಟು ಅದೇ ದಿನ ತಲುಪಿಸಿ. ವರದಿಯೊಂದಿಗೆ ಊರು, ಬಾವಿಯ ಆಳ ಮತ್ತು ಕೆರೆಯಿಂದ ಇರುವ ದೂರವನ್ನು ಬರೆದು ಗುಂಪಿಗೆ ಕಳುಹಿಸಿದರೆ, ಎಲ್ಲವನ್ನೂ ಕ್ರೋಡೀಕರಿಸಿ ಗ್ರಾಮ ಪಂಚಾಯಿತಿಗಳಿಗೆ ಲಿಖಿತವಾಗಿ ಸಲ್ಲಿಸಲಾಗುವುದು.