ವಯೊಲೆಟ್ ಆಳ್ವರನ್ನು ಜಿಲ್ಲೆ ಮರೆಯಬಾರದು

ಮಾನ್ಯ ಸಂಪಾದಕರೇ,

ನಮ್ಮ ಉತ್ತರ ಕನ್ನಡ ಲೋಕಸಭಾ ಕ್ಷೇತ್ರವನ್ನು ಈವರೆಗೆ ಪ್ರತಿನಿಧಿಸಿದವರ ಕುರಿತು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದ ಲೇಖನವನ್ನು ಓದಿದೆ. 1952, 1957 ಮತ್ತು 1962ರ ಚುನಾವಣೆಗಳಲ್ಲಿ ಇಲ್ಲಿಂದ ಗೆದ್ದ ಜೋಕಿಂ ಆಳ್ವರ ಬಗ್ಗೆ ವಿವರವಾಗಿ ಬರೆದವರು, ‘ಅವರ ಪತ್ನಿ ವಯೊಲೆಟ್ ಸಹ ರಾಜ್ಯಸಭಾ ಸದಸ್ಯೆಯಾಗಿದ್ದರು’ ಎಂಬ ಒಂದೇ ಸಾಲಿಗೆ ಆ ಮಹಿಳೆಯ ವಿಷಯವನ್ನು ಮುಗಿಸಿದ್ದಾರೆ. ಆ ಸಾಲಿನಲ್ಲಿ ತಪ್ಪಿಲ್ಲ. ಆದರೆ ಕಾರವಾರ ತಾಲ್ಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಮಾಜ ವಿಜ್ಞಾನ ಕಲಿಸಿದ ನನಗೆ, ರಾಜ್ಯಸಭೆಯ ಉಪಸಭಾಪತಿ ಪೀಠದಲ್ಲಿ ಕುಳಿತ ಮೊದಲ ಮಹಿಳೆಯ ಬಗ್ಗೆ ಅಷ್ಟು ಹೇಳಿದರೆ ಸಾಲದು ಎನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮುಂಬಯಿಯಲ್ಲಿ ನೆಲೆಸಿದ್ದ ಈ ವಕೀಲ ದಂಪತಿಗೂ ಕಾರವಾರಕ್ಕೂ ಏನು ಸಂಬಂಧ ಎಂದು ಇಂದಿನ ಓದುಗರಿಗೆ ಅನಿಸಬಹುದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕಾರವಾರದ ಜಿಲ್ಲಾ ನ್ಯಾಯಾಲಯದ ತೀರ್ಪು ಒಪ್ಪಿಗೆಯಾಗದವರು ಮುಂಬಯಿ ಹೈಕೋರ್ಟಿಗೇ ಹೋಗಬೇಕಿತ್ತು. ನನ್ನ ಅಜ್ಜ ಜಮೀನಿನ ಕಾಗದಪತ್ರಗಳನ್ನು ಮೇಣಬಟ್ಟೆಯಲ್ಲಿ ಸುತ್ತಿಕೊಂಡು ಕಾರವಾರದ ಬೈತಖೋಲ ಬಂದರಿನಲ್ಲಿ ಆಗಬೋಟು ಹತ್ತುತ್ತಿದ್ದರೆಂದು ಅಮ್ಮ ಹೇಳುತ್ತಿದ್ದಳು. ಅದೇ ಹೈಕೋರ್ಟಿನಲ್ಲಿ ಹಲವು ನ್ಯಾಯಮೂರ್ತಿಗಳು ಒಟ್ಟಿಗೆ ಕೂರುವ ಪೂರ್ಣಪೀಠದ ಮುಂದೆ 1944ರಲ್ಲಿ ವಾದ ಮಂಡಿಸಿ, ದೇಶದಲ್ಲಿ ಹಾಗೆ ಮಾಡಿದ ಮೊದಲ ಮಹಿಳಾ ವಕೀಲರೆಂದು ಹೆಸರಾದವರು ವಯೊಲೆಟ್. ಅಂದರೆ ಅವರು ನಮ್ಮ ಜನರ ಹೈಕೋರ್ಟಿನಲ್ಲಿಯೇ ಆ ಬಾಗಿಲು ತೆರೆದವರು.

ಅದರ ಹಿಂದಿನ ವರ್ಷ ಅವರು ಸೆರೆಮನೆಯಲ್ಲಿದ್ದರು. ಕ್ವಿಟ್ ಇಂಡಿಯಾ ಚಳವಳಿಯ ಆ ದಿನಗಳಲ್ಲಿ, 1943ರಲ್ಲಿ, ಬಂಧನವಾದಾಗ ಐದು ತಿಂಗಳ ಮಗನನ್ನು ಎತ್ತಿಕೊಂಡೇ ಅವರು ಆರ್ಥರ್ ರೋಡ್ ಜೈಲಿಗೆ ಹೋದರು. ಈ ಸಂಗತಿಯನ್ನು ನಾನು ಒಮ್ಮೆ ಒಂಬತ್ತನೇ ತರಗತಿಯಲ್ಲಿ ಹೇಳಿದಾಗ, ಹಿಂದಿನ ಬೆಂಚಿನ ಮೀನುಗಾರ ಕುಟುಂಬದ ಹುಡುಗಿಯೊಬ್ಬಳು ಎದ್ದುನಿಂತು, ‘ಟೀಚರ್, ರಾತ್ರಿ ಮಗು ಅತ್ತರೆ ಜೈಲಿನಲ್ಲಿ ಬೈಯುತ್ತಿರಲಿಲ್ಲವಾ?’ ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ಚಳವಳಿಯ ಪಾಠ ಆ ದಿನ ತಲುಪಿದಷ್ಟು ಹತ್ತಿರಕ್ಕೆ ಮತ್ಯಾವ ದಿನವೂ ಮಕ್ಕಳನ್ನು ತಲುಪಿದ್ದು ನನಗೆ ನೆನಪಿಲ್ಲ.

1908ರಲ್ಲಿ ಅಹಮದಾಬಾದಿನಲ್ಲಿ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿ, ಹದಿನಾರರ ಹೊತ್ತಿಗೆ ತಂದೆತಾಯಿಯನ್ನು ಕಳೆದುಕೊಂಡು, ಒಡಹುಟ್ಟಿದವರ ಆಸರೆಯಲ್ಲಿ ಮುಂಬಯಿಯಲ್ಲಿ ಓದಿ ಬೆಳೆದ ಅವರು 1937ರಲ್ಲಿ ಮದುವೆಯಾದರು. ಹೆಂಗಸರಿಗಾಗಿ ಪತ್ರಿಕೆ ನಡೆಸಿದರು, ಮುಂಬಯಿಯ ಬಾಲ ನ್ಯಾಯಾಲಯದ ಅಧ್ಯಕ್ಷೆಯಾದರು. 1952ರಲ್ಲಿ ಪತಿ ನಮ್ಮ ಕ್ಷೇತ್ರದಿಂದ ಲೋಕಸಭೆಗೆ, ಪತ್ನಿ ರಾಜ್ಯಸಭೆಗೆ ಹೋದಾಗ ಅವರು ದೇಶದ ಮೊದಲ ಸಂಸದ ದಂಪತಿ ಎನಿಸಿಕೊಂಡರು. ಗಂಡನ ಹೆಸರಿನ ಬಲದಿಂದ ಬಂದ ಸ್ಥಾನ ಇದಲ್ಲವೆಂಬುದನ್ನು ಮೇಲಿನ ಹದಿನೈದು ವರ್ಷಗಳ ಕೆಲಸವೇ ಹೇಳುತ್ತದೆ. ಸದನದಲ್ಲಿ ಅವರು ಕುಟುಂಬ ಯೋಜನೆಯ ಬಗ್ಗೆ ಮಾತನಾಡಿದಂತೆಯೇ ರಕ್ಷಣೆಯ ಬಗ್ಗೆ, ವಿಶೇಷವಾಗಿ ನೌಕಾಪಡೆಯ ಬಗ್ಗೆಯೂ ಮಾತನಾಡುತ್ತಿದ್ದರು. ನಮ್ಮ ಕಡಲ ದಂಡೆಯಲ್ಲಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಶಂಕುಸ್ಥಾಪನೆಯಾದದ್ದು 1986ರಲ್ಲಿ ಎಂಬುದನ್ನು ನೆನೆದರೆ, ಅವರು ಎಷ್ಟು ಮುಂಚಿತವಾಗಿ ಆ ಕಡೆ ನೋಡಿದ್ದರೆಂದು ತಿಳಿಯುತ್ತದೆ. 1957ರಲ್ಲಿ ಗೃಹ ಖಾತೆಯ ಉಪಮಂತ್ರಿಯಾದರು. 1962ರ ಏಪ್ರಿಲ್‌ನಲ್ಲಿ ಉಪಸಭಾಪತಿಯಾಗಿ ಆಯ್ಕೆಯಾಗಿ, 1966ರಲ್ಲಿ ಮತ್ತೆ ಆಯ್ಕೆಯಾದರು.

ಅವರ ಕೊನೆಯ ವರ್ಷದ ಕಥೆ ಇನ್ನಷ್ಟು ಜನರಿಗೆ ಗೊತ್ತಿರಬೇಕು. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡು ರಾಜ್ಯಸಭೆಯ ಸಭಾಪತಿಯೂ ಆಗಿದ್ದ ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದಾಗ, ಸಂವಿಧಾನದ 91ನೇ ವಿಧಿಯಂತೆ ಸಭಾಪತಿಯ ಕರ್ತವ್ಯ ಉಪಸಭಾಪತಿಯ ಹೆಗಲಿಗೆ ಬಂತು. ಜಿ.ಎಸ್. ಪಾಠಕ್ ಆಗಸ್ಟ್ 31ರಂದು ಉಪರಾಷ್ಟ್ರಪತಿಯಾಗುವವರೆಗೆ, ಸುಮಾರು ನಾಲ್ಕು ತಿಂಗಳು, ಆ ಹೊಣೆಯನ್ನು ಹೊತ್ತವರು ವಯೊಲೆಟ್ ಆಳ್ವ. ಉಪರಾಷ್ಟ್ರಪತಿ ಸ್ಥಾನಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರ ಬೆಂಬಲ ಮಾತ್ರ ಅವರಿಗೆ ಸಿಗಲಿಲ್ಲ. ನವೆಂಬರ್ 16ರಂದು ಉಪಸಭಾಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ನವೆಂಬರ್ 20ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ನಡುವೆ ಇದ್ದದ್ದು ನಾಲ್ಕೇ ದಿನ. ಆ ದಿನಾಂಕಗಳನ್ನು ಓದುವಾಗ ಇಂದಿಗೂ ನನ್ನ ಮನಸ್ಸು ಭಾರವಾಗುತ್ತದೆ. 2022ರಲ್ಲಿ ಉಪರಾಷ್ಟ್ರಪತಿ ಹುದ್ದೆಗೆ ಸ್ಪರ್ಧಿಸಿ ಸೋತ ಮಾರ್ಗರೆಟ್ ಆಳ್ವ ಅವರ ಸೊಸೆ. 1999ರಲ್ಲಿ ನಮ್ಮ ಕ್ಷೇತ್ರ ಲೋಕಸಭೆಗೆ ಕಳಿಸಿದ ಮಹಿಳೆಯೂ ಅವರೇ. ಅವರ ಮೊದಲೂ ಆನಂತರವೂ ಇಲ್ಲಿಂದ ಬೇರೆ ಮಹಿಳೆ ಗೆದ್ದಿಲ್ಲ.

ದೆಹಲಿ ಈ ದಂಪತಿಯನ್ನು ನೆನೆದಿದೆ. 2007ರಲ್ಲಿ ಸಂಸತ್ತಿನಲ್ಲಿ ಇಬ್ಬರ ಭಾವಚಿತ್ರ ಅನಾವರಣಗೊಂಡಿತು, 2008ರಲ್ಲಿ ಅಂಚೆಚೀಟಿ ಬಂತು. ಜಿಲ್ಲೆಯಲ್ಲಿ ಮಾಡಬೇಕಾದ ಒಂದು ಕೆಲಸ ದೊಡ್ಡ ಖರ್ಚಿನದಲ್ಲ. ರಾಜ್ಯಸಭೆಯ ಹಳೆಯ ಕಲಾಪಗಳ ವರದಿ ಈಗ ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತದೆ. ಅದರಲ್ಲಿ ವಯೊಲೆಟ್ ಅವರ ಹತ್ತಿಪ್ಪತ್ತು ಭಾಷಣಗಳನ್ನು ಆಯ್ದು, ಕನ್ನಡಕ್ಕೆ ತಂದು, ಜಿಲ್ಲೆಯ ಪ್ರೌಢಶಾಲೆಗಳ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ತಲುಪಿಸಬಹುದು. ಶಿರಸಿ, ಕುಮಟಾ, ಕಾರವಾರಗಳ ಪದವಿ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರ ನೆರವಿನಿಂದ ಮಾಡಬಹುದಾದ ಕೆಲಸ ಇದು. ಅನುವಾದವನ್ನು ತಿದ್ದಿಕೊಡುವ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ. ಆಸಕ್ತರು ನನ್ನನ್ನು ಸಂಪರ್ಕಿಸಲು ಪತ್ರಿಕೆಯ ಕಚೇರಿ ನೆರವಾಗಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಶಿಕ್ಷಕಿ, ಕೋಡಿಬಾಗ, ಕಾರವಾರ