ಬಿಟ್ಟುಹೋದ ಬಾಬತ್ತುಗಳು

ಡೊಂಬಿವಲಿ
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಆಯಿಯ ಆಶೀರ್ವಾದಗಳು.

ನೀನು ಮೊಬೈಲಿಗೆ ಕಳಿಸಿದ ಲೆಕ್ಕದ ಹಾಳೆಯನ್ನು ನೋಡಿದೆ. ಫೋನಿನಲ್ಲಿ ಉತ್ತರ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯೆ, ನಾನು ಮಾತು ಬಿಟ್ಟು ಎಲ್ಲಿಗೋ ಹೋಗುತ್ತೇನೆ, ಅಪ್ಪ ಹಿಂದಿನಿಂದ "ಮನೆಗೆ ಬಂದುಬಿಡಲಿ ಎನ್ನು" ಎಂದು ಕೂಗುತ್ತಾರೆ. ಅದಕ್ಕೇ ಬರೆಯಲು ಕುಳಿತೆ.

ಇಪ್ಪತ್ತಾರು ವರ್ಷ ಮಸ್ಜಿದ್ ಬಂದರಿನ ಅಡಿಕೆ ವ್ಯಾಪಾರದ ಪೇಢಿಯೊಂದರಲ್ಲಿ ಲೆಕ್ಕದ ಕೀರ್ದಿ ಬರೆದವಳು ನಾನು. ಕೂಡಿ ಕಳೆದದ್ದರಲ್ಲಿ ನಿನ್ನದೇನೂ ತಪ್ಪಿಲ್ಲ. ಮುಂಬಯಿಯಲ್ಲಿ ಕೈಗೆ ಬರುವುದು 78,000. ಮನೆಯೊಡೆಯ ಈ ಸಲ ಏರಿಸಿದ್ದೂ ಸೇರಿ ನಿನ್ನ ಪಾಲಿನ ಬಾಡಿಗೆ 28,000. ಊಟ, ರಿಕ್ಷಾ, ಕರೆಂಟು, ಕೆಲಸದವಳು ಎಲ್ಲ ಕಳೆದು ತಿಂಗಳ ಕೊನೆಗೆ ಶಿಲ್ಕು 19,000. ಮಂಗಳೂರಿನ ಶಾಖೆಗೆ ಹೋದರೆ ಸಂಬಳ 66,000ಕ್ಕೆ ಇಳಿಯುತ್ತದೆ, ಆದರೆ 15,000ಕ್ಕೆ ಇಡೀ ಮನೆಯೇ ಸಿಗುತ್ತದೆ; ಶಿಲ್ಕು 31,000. ಕೆಳಗೆ ಒಂದೇ ಸಾಲು: "ಇನ್ನೂ ಈ ಊರಿನಲ್ಲಿ ಯಾಕಿರಬೇಕು ಆಯಿ?"

ಜಮೆಯೂ ಖರ್ಚೂ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೆಂದಲ್ಲ, ಪುಟ್ಟಿ. ಎರಡೂ ಕಡೆ ಬರೆಯದೇ ಬಿಟ್ಟ ಬಾಬತ್ತು ತಾಳೆಪಟ್ಟಿಯಲ್ಲಿ ಸಿಕ್ಕಿಬೀಳುವುದಿಲ್ಲ. ನಿನ್ನ ಹಾಳೆಯಲ್ಲಿ ಅಂಥವು ಕೆಲವಿವೆ.

ಮೊದಲು ಅಪ್ಪನ ಸಲಹೆಯನ್ನು ಬದಿಗಿಡೋಣ. ಡೊಂಬಿವಲಿಗೆ ಬಂದು ನಮ್ಮ ಜೊತೆಗಿದ್ದರೆ ಬಾಡಿಗೆ ಸೊನ್ನೆ, ಇಲ್ಲಿಂದಲೇ ಓಡಾಡಲಿ ಎನ್ನುವುದು ಅವರ ವಾದ. ಪ್ರೀತಿಯಿಂದ ಆಡಿದ ಮಾತು, ಕೇಳಬೇಡ. ಅವರು ಲೋಕಲ್ ರೈಲಿನ ಗಂಡಸರ ಡಬ್ಬಿಯಲ್ಲಿ ಇಸ್ಪೀಟು ಆಡುತ್ತ ಹೋಗಿಬಂದವರು, ಮನೆಗೆ ಬಂದ ಮೇಲೆ ಕುಕ್ಕರ್ ಇಡುವ ಕೆಲಸ ಅವರಿಗಿರಲಿಲ್ಲ. ನಾನು ಮೊನ್ನೆ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಮನೆಯ ಬಾಗಿಲಿನಿಂದ ಪೇಢಿಯ ಬಾಗಿಲಿಗೆ ಹೋಗಿಬರಲು ದಿನಕ್ಕೆ ಮೂರು ತಾಸು, ವರ್ಷಕ್ಕೆ 290 ದಿನ, ಇಪ್ಪತ್ತಾರು ವರ್ಷ. ಒಟ್ಟು 22,620 ತಾಸು. ಹಗಲು ರಾತ್ರಿ ಸೇರಿಸಿದರೆ 942 ದಿನ. ಅಂದರೆ ಎರಡು ವರ್ಷ ಏಳು ತಿಂಗಳು ನಾನು ಲೋಕಲಿನಲ್ಲೇ ವಾಸವಾಗಿದ್ದೆ. ನಿನಗೆ ಕನ್ನಡದ ಎಣಿಕೆಗಿಂತ ಮೊದಲು ಮರಾಠಿ ಎಣಿಕೆ ಬಂದದ್ದು ಸುಮ್ಮನೆ ಅಲ್ಲ. ನೀನು ಬೆಳೆದದ್ದು ಎದುರು ಮನೆಯ ಮಾವಶಿಯ ಮಡಿಲಲ್ಲಿ. ನೀನು ನನ್ನನ್ನು "ಆಯಿ" ಎನ್ನುವುದನ್ನು ಕೇಳಿ ಅವರು, ಮಗು ನಮ್ಮ ಮಾತು ಕಲಿತಿದೆ ಎಂದು ಹಿಗ್ಗುತ್ತಿದ್ದರು. ನಮ್ಮ ಕುಮಟೆಯ ಕಡೆಯೂ ಅಮ್ಮನನ್ನು ಆಯಿ ಎನ್ನುತ್ತಾರೆಂದು ಹೇಳಿ ಅವರ ಸಂತೋಷ ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಬೆಳಗಿನ 8.02ರ ಫಾಸ್ಟ್ ಗಾಡಿ. ಮೂವರು ಕೂರುವ ಬೆಂಚಿನ ತುದಿಗೆ ನಾಲ್ಕನೆಯವಳಾಗಿ ಅರ್ಧ ಆನಿಸಿಕೊಂಡರೆ ಅದೇ ಸಿಂಹಾಸನ. ಹತ್ತಿದ ಕೂಡಲೇ ಕೂತವರನ್ನೆಲ್ಲ ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ಘಾಟಕೋಪರ್ ಎಂದವಳ ಜಾಗವನ್ನು ಮಾತಿನಲ್ಲೇ ಕಾಯ್ದಿರಿಸಬೇಕು. ಸಂಜೆಯ ಗಾಡಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆವು, ಬಟಾಣಿ ಸುಲಿಯುತ್ತಿದ್ದೆವು. ಸಂಕ್ರಾಂತಿಗೆ ಡಬ್ಬಿಯೊಳಗೇ ಅರಿಸಿನ ಕುಂಕುಮ, ಎಳ್ಳುಂಡೆ. ಆ ಗೆಳತಿಯರನ್ನು ನೆನೆದರೆ ಈಗಲೂ ಹಿತವಾಗುತ್ತದೆ. ಆದರೆ ಸೊಪ್ಪು ಬಿಡಿಸುವ ಹೆಂಗಸರ ಫೋಟೊ ಹಾಕಿ ಪತ್ರಿಕೆಯವರು ಹಾಡಿ ಹೊಗಳುವಾಗ ಮೈ ಉರಿಯುತ್ತದೆ. ಮನೆಯಲ್ಲಿ ಕೂತು ಬಿಡಿಸಲು ಹೊತ್ತಿರಲಿಲ್ಲ, ಅಷ್ಟೇ. 2025ರ ಜೂನ್ 9ರಂದು ಮುಂಬ್ರಾದ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತ ಸುದ್ದಿ ಬಂತಲ್ಲ, ಆ ತಿರುವನ್ನು ನಾನು ಕಣ್ಣು ಮುಚ್ಚಿ ಗುರುತಿಸಬಲ್ಲೆ. ಗಾಡಿ ಅಲ್ಲಿ ಎಡಕ್ಕೆ ವಾಲುತ್ತದೋ ಬಲಕ್ಕೋ ಎಂಬುದು ನನ್ನ ಅಂಗಾಲಿಗೆ ಗೊತ್ತು.

ನೀನಾದರೋ ಮರೋಳಿನಲ್ಲಿ ಮೆಟ್ರೊ ಹತ್ತಿದರೆ ಅರ್ಧ ತಾಸಿನಲ್ಲಿ ಬಾಂದ್ರಾ–ಕುರ್ಲಾದ ಕಚೇರಿಯಲ್ಲಿರುತ್ತೀಯೆ. 2024ರ ಅಕ್ಟೋಬರಿನಲ್ಲಿ ಆ ನೆಲದಡಿಯ ಮಾರ್ಗ ತೆರೆಯಿತು, ಅದನ್ನೇ ನೆಪ ಮಾಡಿ ಮನೆಯೊಡೆಯ ಈಗ 4,000 ಏರಿಸಿದ. ನಿನ್ನ ಪಾಲಿಗೆ ಬಂದ 2,000ಕ್ಕೆ ಹಾಳೆಯಲ್ಲಿ ಕೆಂಪು ಬಣ್ಣ ಹಚ್ಚಿದ್ದೀಯೆ. ನಾನಾಗಿದ್ದರೆ ಹಚ್ಚುತ್ತಿರಲಿಲ್ಲ. ನಿನ್ನ ವಯಸ್ಸಿನಲ್ಲಿ ನನಗೆ ಯಾರಾದರೂ ದಿನಕ್ಕೆ ಎರಡು ತಾಸನ್ನು ಆ ಬೆಲೆಗೆ ಮಾರುತ್ತಿದ್ದರೆ ಕೈಬಳೆ ಅಡವಿಟ್ಟು ಕೊಳ್ಳುತ್ತಿದ್ದೆ.

ಸ್ವಂತ ಮನೆಯ ವಿಷಯ. ನಾವು ನಿನಗೆ ಸಲಹೆ ಕೊಡಬಾರದ ವಿಷಯ ಇದು, ಆದರೂ ಅಪ್ಪ ಪ್ರತಿ ಭಾನುವಾರ ಕೊಡುತ್ತಾರೆ. 1996ರಲ್ಲಿ ಈ ಮನೆಯನ್ನು 2 ಲಕ್ಷ 60 ಸಾವಿರಕ್ಕೆ ಕೊಂಡೆವು. ಆಗ ನಮ್ಮಿಬ್ಬರ ಸಂಬಳ ಸೇರಿ 7,500. ಒಂದು ಪೈಸೆ ಮುಟ್ಟದೆ ಕೂಡಿಟ್ಟಿದ್ದರೆ ಮೂರು ವರ್ಷದೊಳಗೆ ಮನೆಯ ಬೆಲೆ ಆಗುತ್ತಿತ್ತು. ಅಂಧೇರಿಯಲ್ಲಿ ನೀನು ನೋಡಿಬಂದ ಆ ಒಂದು ಮಲಗುವ ಕೋಣೆಯ ಮನೆಗೆ 1 ಕೋಟಿ 30 ಲಕ್ಷ ಎಂದರು. ನೀನು ಉಪವಾಸ ಕೂತು ಕೂಡಿಟ್ಟರೂ ಸುಮಾರು ಹದಿನಾಲ್ಕು ವರ್ಷ ಬೇಕು. ಒಂದು ಕೋಟಿ ಸಾಲ ಎತ್ತಿದರೆ ಶೇಕಡಾ ಎಂಟೂವರೆಯಂತೆ ಇಪ್ಪತ್ತು ವರ್ಷಕ್ಕೆ ತಿಂಗಳ ಕಂತು 86,800ರ ಹತ್ತಿರ ಬರುತ್ತದೆ, ನಿನ್ನ ಸಂಬಳಕ್ಕಿಂತ ಹೆಚ್ಚು. ಕೊನೆಗೆ ಕಟ್ಟಿದ್ದು ಎರಡು ಕೋಟಿ ದಾಟಿರುತ್ತದೆ. ಅಂಥದೇ ಮನೆಯಲ್ಲಿ ನೀವಿಬ್ಬರು ಹುಡುಗಿಯರು ಈಗ 56,000ಕ್ಕೆ ಇದ್ದೀರಿ. "ಬಾಡಿಗೆ ಎಂದರೆ ನೀರಿಗೆ ಸುರಿದ ದುಡ್ಡು" ಎನ್ನುವ ನೆಂಟರಿಗೆ ಈ ಎರಡು ಅಂಕಿ ತೋರಿಸು. ನಮ್ಮ ಜಾಣತನದಿಂದ ಮನೆಯಾಯಿತೆಂದು ನಾವು ಬೀಗುತ್ತೇವೆ. ನಿಜವೆಂದರೆ ಸರಿಯಾದ ವರ್ಷದಲ್ಲಿ ಮದುವೆಯಾಗಿದ್ದೆವು.

ಈಗ ಮಂಗಳೂರಿನ ಕಡೆಯ ಖಾತೆಗೆ ಬರುತ್ತೇನೆ. 2003ರಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಭಾಯಖಳಾದ ಮುದ್ರಣಾಲಯ ಬಾಗಿಲು ಹಾಕಿತು. ನಿನಗಾಗ ಐದು ವರ್ಷ. ಹದಿನೇಳನೆಯ ದಿನ ಪ್ರಭಾದೇವಿಯ ಇನ್ನೊಂದು ಮುದ್ರಣಾಲಯದಲ್ಲಿ ಕೆಲಸ ಸಿಕ್ಕಿತು. ಮನೆ ಬದಲಾಗಲಿಲ್ಲ, ನಿನ್ನ ಶಾಲೆ ಬದಲಾಗಲಿಲ್ಲ, ನನ್ನ ಕೆಲಸ ಬದಲಾಗಲಿಲ್ಲ. ಅಪ್ಪ ಭಾಯಖಳಾದಲ್ಲಿ ಇಳಿಯುವ ಬದಲು ದಾದರಿನಲ್ಲಿ ಇಳಿದರು. ಕುಮಟೆಯಲ್ಲಿದ್ದಿದ್ದರೆ? ಊರಿಗೆ ಒಂದೋ ಎರಡೋ ಮುದ್ರಣಾಲಯ, ಅವಕ್ಕೆ ಮದುವೆ ಕರೆಯೋಲೆಯ ಹಂಗಾಮಿನಲ್ಲಿ ಮಾತ್ರ ಕೈತುಂಬ ಕೆಲಸ. ಮಂಗಳೂರು ಕುಮಟೆಯಷ್ಟು ಚಿಕ್ಕದಲ್ಲ, ಒಪ್ಪಿದೆ. ಆದರೆ ನೀನು ಮಾಡುವ ಕೆಲಸಕ್ಕೆ ಅಲ್ಲಿ ನಿಮ್ಮ ಕಂಪನಿ ಬಿಟ್ಟರೆ ಇನ್ನೆಷ್ಟಿವೆ? ನಾಳೆ ಆ ಶಾಖೆ ಮುಚ್ಚಿದರೆ ಇಳಿಯುವ ಸ್ಟೇಷನ್ ಬದಲಾಗುವುದಿಲ್ಲ, ಊರೇ ಬದಲಾಗಬೇಕು. ನಿನ್ನ 28,000ದಲ್ಲಿ ಒಂದು ಪಾಲು ಗೋಡೆಗೆ, ಇನ್ನೊಂದು ಪಾಲು ವಿಮೆಯ ಕಂತು ಎಂದು ತಿಳಿ. ಹಾಳೆಯಲ್ಲಿ ಅದು ಪೂರ್ತಿ ಗೋಡೆಯ ಹೆಸರಿಗೇ ಬಿದ್ದಿದೆ.

ಹಾಗೆಂದು ಮುಂಬಯಿಯ ಖಾತೆಯೂ ಶುದ್ಧವಾಗಿಲ್ಲ. 2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದು ನಮಗೆ ತಿಳಿದದ್ದು ಆಮೇಲೆ. ಆಗ ತಿಳಿದಿದ್ದದ್ದು ನಮ್ಮ ಗಾಡಿ ಸಯನ್ ದಾಟಿ ನಿಂತಿದೆ, ಹಳಿ ಕಾಣಿಸುತ್ತಿಲ್ಲ ಎಂದಷ್ಟೇ. ರಾತ್ರಿಯಿಡೀ ಡಬ್ಬಿಯಲ್ಲಿ ಕಳೆದೆವು. ಯಾರೋ ಎದೆಮಟ್ಟದ ನೀರಿನಲ್ಲಿ ಬಂದು ಬಿಸ್ಕತ್ತು ಕೊಟ್ಟುಹೋದರು. ಮನೆಗೆ ಮುಟ್ಟಿದ್ದು ಮರುದಿನ ಸಂಜೆ. ನೀನು ಮಾವಶಿಯ ಮನೆಯಲ್ಲಿ ವರಣ ಅನ್ನ ಉಂಡು, ಅವರ ಸೀರೆ ಹೊದ್ದು ನಿದ್ದೆ ಮಾಡುತ್ತಿದ್ದೆ. ಆ ರಾತ್ರಿ ನಾನು ಹುಚ್ಚಿಯಾಗದೆ ಉಳಿದದ್ದು ಎದುರು ಬಾಗಿಲೊಂದು ಇದೆ ಎಂಬ ಧೈರ್ಯದಿಂದ.

ನಿನ್ನ ಹದಿನಾಲ್ಕನೆಯ ಮಹಡಿಯಲ್ಲಿ ಎದುರು ಬಾಗಿಲು ಯಾರದು? ಕಳೆದ ಆಗಸ್ಟಿನಲ್ಲಿ ನಿನಗೆ ಡೆಂಗಿ ಬಂದದ್ದು ನಮಗೆ ತಿಳಿದದ್ದು ಮೂರನೆಯ ದಿನ. ಗಾಬರಿಪಡಿಸಬಾರದೆಂದು ಹೇಳಲಿಲ್ಲ ಎಂದೆ. ನಿನ್ನ ಜೊತೆಗಾತಿ ಊರಿಗೆ ಹೋಗಿದ್ದಳು, ಎಳನೀರು ತಂದುಕೊಟ್ಟವನು ಕಾವಲುಗಾರ. ಬಾಡಿಗೆ ಎಷ್ಟಾದರೂ ಇರಲಿ, ನನಗೆ ಈ ಊರು ದುಬಾರಿ ಎನ್ನಿಸಿದ್ದು ಅವತ್ತು. ಇದು ಊರಿನ ತಪ್ಪಲ್ಲ ಎಂದು ನೀನು ವಾದಿಸುತ್ತೀಯೆ, ಗೊತ್ತು. ಹನ್ನೊಂದು ತಿಂಗಳಿಗೊಮ್ಮೆ ಕರಾರು, ಮೂರು ವರ್ಷದಲ್ಲಿ ಮೂರು ಮನೆ. ನೆರೆಮನೆ ಎಂಬುದು ಹನ್ನೊಂದು ತಿಂಗಳಲ್ಲಿ ಬೆಳೆಯುವ ಬೆಳೆಯಲ್ಲ.

ಇಷ್ಟೆಲ್ಲ ಇದ್ದೂ ನಾನು ಯಾಕೆ ಇಲ್ಲಿ ಉಳಿದೆ ಎಂದು ಕೇಳುತ್ತೀಯಲ್ಲ. ನಿನಗೆ ಈವರೆಗೆ ಹೇಳದ್ದೊಂದನ್ನು ಹೇಳುತ್ತೇನೆ.

1991ರಲ್ಲಿ ಮೊದಲ ಸಂಬಳ ಬಂತು, 1,100 ರೂಪಾಯಿ. ಅಂದು ಸಂಜೆ ಸ್ಲೋ ಗಾಡಿ ಹತ್ತಿ ಮಾಟುಂಗಾದಲ್ಲಿ ಇಳಿದೆ. ಯಾಕೆ ಇಳಿದೆನೋ ನನಗೇ ಗೊತ್ತಿರಲಿಲ್ಲ. ಸ್ಟೇಷನ್ನಿನ ಹೊರಗೆ ಮಲ್ಲಿಗೆ ಮಾಲೆ, ಬಾಳೆ ಎಲೆಯ ಕಟ್ಟು, ನಮ್ಮೂರಿನ ವಾಸನೆ. ಒಂದು ಉಡುಪಿ ಹೋಟೆಲಿಗೆ ಹೋಗಿ ಒಬ್ಬಳೇ ಕುಳಿತೆ. ಕುಮಟೆಯಲ್ಲಿ ಆಗ ಹೆಂಗಸರು ಹೋಟೆಲಿಗೆ ಹೋದರೆ ಗಂಡನ ಹಿಂದೆ ಹೋಗಬೇಕು, ಪರದೆ ಎಳೆದ ಫ್ಯಾಮಿಲಿ ರೂಮಿನಲ್ಲಿ ಕೂರಬೇಕು, ಎದ್ದು ಹೊರಬರುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿರುತ್ತಿತ್ತು. ಇಲ್ಲಿ ಮಾಣಿ ನೀರಿನ ಲೋಟ ಕುಕ್ಕಿ, "ಎಂಥ ಕೊಡಲಿ ಅಕ್ಕ?" ಎಂದ. ಮಸಾಲೆ ದೋಸೆ, ಒಂದು ಕಾಫಿ. ಎದುರಿನ ಕುರ್ಚಿಯಲ್ಲಿ ಯಾರೋ ಗಂಡಸು ಬಂದು ಕುಳಿತು ಇಡ್ಲಿ ತಿಂದು ಎದ್ದು ಹೋದ. ನನ್ನ ಕಡೆ ನೋಡಲೂ ಇಲ್ಲ. ಮನೆಗೆ ತಡವಾಗಿ ಬಂದದ್ದಕ್ಕೆ ಗಾಡಿ ತಪ್ಪಿತು ಎಂದೆ. ಅಂದಿನಿಂದ ತಿಂಗಳಿಗೊಮ್ಮೆ ಗಾಡಿ ತಪ್ಪುತ್ತಲೇ ಇತ್ತು. ಮಂಡಿನೋವು ಮತ್ತು ಜಿಎಸ್‌ಟಿ ಎರಡೂ ಒಟ್ಟಿಗೆ ಬಂದ 2017ರಲ್ಲಿ ಕೆಲಸ ಬಿಡುವವರೆಗೂ.

ನಾನು ಕೊಟ್ಟ ಎರಡು ವರ್ಷ ಏಳು ತಿಂಗಳಿಗೆ ಎದುರಾಗಿ ಜಮೆಯ ಕಡೆ ಬರೆಯುವುದು ಈ ದೋಸೆಯನ್ನು. ನನ್ನ ಮಟ್ಟಿಗೆ ತಾಳೆಯಾಯಿತು. ನಿನಗೆ ಆಗಬೇಕಾಗಿಲ್ಲ, ಆ ಸ್ವಾತಂತ್ರ್ಯ ನಿನಗೆ ಮಂಗಳೂರಿನಲ್ಲೂ ಪುಕ್ಕಟೆ ಸಿಗುತ್ತದೆ. ನನಗೆ ಇಲ್ಲಿ ಬಿಟ್ಟರೆ ಇರಲಿಲ್ಲ.

ಆದ್ದರಿಂದ ನಿನ್ನ ಹಾಳೆಯಲ್ಲಿ ಒಂದು ಸಾಲು ಹೊಸದಾಗಿ ಸೇರಿಸು. ಕಳೆದ ಆರು ತಿಂಗಳಲ್ಲಿ, ಈ ಊರಿನಲ್ಲಿ ಮಾತ್ರ ಸಿಗುವ ಯಾವುದನ್ನು ಮುಟ್ಟಿದೆ? ನಾಟಕ ನೋಡುತ್ತೇನೆ ಎನ್ನುತ್ತಿದ್ದೆ, ಎಷ್ಟು ನೋಡಿದೆ? ಮಳೆಗಾಲದಲ್ಲಿ ಊರಿನ ಯಕ್ಷಗಾನದವರು ಇಲ್ಲಿಗೆ ಬಂದು ಆಟ ಆಡಿದಾಗ ಅಪ್ಪ ನಿನಗಾಗಿ ಕುರ್ಚಿ ಹಿಡಿದಿಟ್ಟಿದ್ದರು, ನೀನು ಸುಸ್ತೆಂದು ಮಲಗಿದೆ. ಬೇರೆ ಕಂಪನಿಗೆ ಅರ್ಜಿ ಹಾಕುತ್ತೇನೆಂದಿದ್ದೆ, ಹಾಕಿದೆಯಾ? ಕಚೇರಿ, ಹಾಸಿಗೆ, ಮೊಬೈಲಿನಲ್ಲಿ ತರಿಸಿದ ಊಟ, ಇಷ್ಟೇ ಆಗಿದ್ದರೆ ಜಾತ್ರೆಗೆ ಹೋಗಿ ತೇರು ನೋಡದೆ ಚಪ್ಪಲಿ ಕಾಯ್ದು ಬಂದ ಹಾಗಾಯಿತು. ಅದಕ್ಕೆ 28,000 ಹೆಚ್ಚು. 8,000 ಆದರೂ ಹೆಚ್ಚೇ. ಮುಟ್ಟಿದ್ದೀಯೆ ಎಂದಾದರೆ, ಮುಂದೆ ಮುಟ್ಟುವ ಆಸೆ ಇದೆ ಎಂದಾದರೂ, ಆ 12,000ದ ವ್ಯತ್ಯಾಸಕ್ಕೆ ಹೆದರಬೇಡ.

ಇನ್ನೊಂದು. ನಾವು ಇಲ್ಲಿದ್ದೇವೆಂದು ಉಳಿಯಬೇಡ. ಅಪ್ಪ ಹೊರಗೆ ಕೂಗಾಡಿದರೂ ಒಳಗೆ ಊರ ಕಡೆಯ ಮತ್ಸ್ಯಗಂಧಾ ರೈಲಿನ ವೇಳಾಪಟ್ಟಿ ನೋಡುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ನೀನು ಮಂಗಳೂರಿಗೆ ಹೋದರೆ ಕುಮಟೆಯಲ್ಲಿ ಇಳಿದು ಎರಡು ದಿನ ಇದ್ದು ಬರಲು ಅವರಿಗೊಂದು ನೆಪ ಸಿಗುತ್ತದೆ.

ಕರಾರು ಮುಗಿಯುವುದು 31ಕ್ಕೆ ತಾನೆ? ಮನೆಯೊಡೆಯನಿಗೆ ಅಥವಾ ಬ್ರೋಕರನಿಗೆ ಹೂಂ ಎನ್ನುವ ಮೊದಲು ಭಾನುವಾರ ಹಾಳೆ ಹಿಡಿದುಕೊಂಡು ಬಾ. ಮಾಟುಂಗಾದಿಂದ ಸಂಬಾರ ಸೌತೆ ತರಿಸಿಟ್ಟಿದ್ದೇನೆ, ಹುಳಿ ಮಾಡುತ್ತೇನೆ. ಉಪ್ಪಿನಕಾಯಿಯ ಸ್ಟೀಲ್ ಡಬ್ಬಿ ಎರಡು ತಿಂಗಳಿಂದ ನಿನ್ನಲ್ಲೇ ಇದೆ, ತಾ. ಭಾನುವಾರ ಹಳಿ ದುರಸ್ತಿಯ ಮೆಗಾಬ್ಲಾಕ್ ಇರುತ್ತದೆ, ಯಾವ ಮಾರ್ಗದಲ್ಲಿ ಎಂದು ನೋಡಿಕೊಂಡು ಬೇಗ ಹೊರಡು.

ನಿನ್ನ
ಆಯಿ