ಮದರ್ ವೆರೋನಿಕಾ ಪುಸ್ತಿಕೆ ಕೈಗೆ ಬಂತು: ಟೀಚರ್‌ಗೂ ಉಳಿದೆಲ್ಲರಿಗೂ ಕೃತಜ್ಞತೆ

ಶಾಲೆಗಳಲ್ಲಿ ಪಾಠ ಹೇಳುವ ಕಥೋಲಿಕ ಸಿಸ್ಟರ್‌ಗಳ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯನ್ನು ಕಟ್ಟಿದ ಮದರ್ ವೆರೋನಿಕಾ ಅವರ ಬದುಕಿನ ಕನ್ನಡ ಪುಸ್ತಿಕೆ ಕೊನೆಗೂ ಅಚ್ಚಾಗಿ ಬಂದಿದೆ. ಹಸ್ತಪ್ರತಿ ಬರೆದವರು ಅಚ್ಚಿಗೆ ಮುಂಚೆಯೇ ತೀರಿಕೊಂಡು ಕೆಲಸ ನಡುವೆ ನಿಂತಿತ್ತು, ಅದನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ. ಹಣ ಕೂಡಿಸಿದವರು, ಪೆಟ್ಟಿಗೆ ಬಿಚ್ಚಿ ಹಳೆಯ ಫೋಟೊ ಕೊಟ್ಟ ಮನೆಗಳವರು, ಪುಟ ಕಟ್ಟಿದ ಹುಡುಗರು, ಪ್ರೆಸ್ಸಿನವರು, ಕೂತು ಕೆಲಸ ಮಾಡಲು ಕೋಣೆ ಬಿಟ್ಟುಕೊಟ್ಟ ಸಿಸ್ಟರ್‌ಗಳು, ಎಲ್ಲರಿಗೂ ಮನಸಾರೆ ವಂದನೆ.

ಹಸ್ತಪ್ರತಿಯನ್ನು ಪರಿಶೀಲಿಸಿ ತಿದ್ದಿಕೊಟ್ಟ ಟೀಚರ್ ಮಾತು ಹಾಗಲ್ಲ. ಹೆಸರು ಹಾಕಬಾರದು ಎಂದಿದ್ದಾರೆ, ಹಾಕುವುದಿಲ್ಲ. ಆದರೆ ಅವರು ಮಾಡಿದ್ದೇನು ಎಂಬುದು ದಾಖಲಾಗಲೇಬೇಕು.

ಈ ಬದುಕನ್ನು ಬರೆಯುವಾಗ ತಾರೀಖುಗಳೇ ಕಾಲಿಗೆ ತೊಡರುತ್ತವೆ. ಸಂಸ್ಥೆ ಹುಟ್ಟಿದ್ದು 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಫ್ರಾನ್ಸಿನ ಬಯೋನ್ ಊರಿನಲ್ಲಿ. ಸಿಸ್ಟರ್‌ಗಳು ಮಂಗಳೂರಿಗೆ ಬಂದಿಳಿದದ್ದು 1870ರ ನವೆಂಬರ್ 19ರಂದು. ಮದರ್ ತೀರಿಕೊಂಡದ್ದು 1906ರ ನವೆಂಬರ್ 16ರಂದು, ಫ್ರಾನ್ಸಿನ ಪೋ ನಗರದ ಮಠದಲ್ಲಿ. ಎರಡು 16, ಎರಡು ನವೆಂಬರ್. ಒಂದು ಕಡೆಯಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಇವು ಅದಲುಬದಲಾಗುತ್ತವೆ, ಬಯೋನ್ ವರ್ಷ ಮಂಗಳೂರಿಗೆ ಅಂಟಿಕೊಳ್ಳುತ್ತದೆ. ಟೀಚರ್ ಒಂದು ಉದ್ದದ ಹಾಳೆಗೆ ಮೂರು ಗೆರೆ ಎಳೆದರು: ಘಟನೆ, ತಾರೀಖು, ಎಲ್ಲಿ ನೋಡಿದ್ದು. ಮೂರನೆಯ ಅಂಕಣ ಖಾಲಿಯಿದ್ದರೆ ಆ ಸಾಲು ಪುಸ್ತಿಕೆಗೆ ಬರಲೇ ಇಲ್ಲ. ಎಷ್ಟು ಚಂದದ ಕಥೆಯಾದರೂ ಸರಿ, ಅವರು ಬಿಡಲಿಲ್ಲ.

ಇನ್ನೊಂದು ತೊಡಕು ಹಡಗಿನದು. 1870ರಲ್ಲಿ ಫ್ರಾನ್ಸಿನಿಂದ ಹೊರಟವರು ಒಂದೇ ಬಗೆಯ ಸಿಸ್ಟರ್‌ಗಳಲ್ಲ. ಕೆಲವರು ಮಠದ ಗೋಡೆ ದಾಟದೆ ಪ್ರಾರ್ಥನೆಯಲ್ಲೇ ಬಾಳುವ ಕಾರ್ಮೆಲಿನವರು. ಇನ್ನು ಕೆಲವರು ಮದರ್ ವೆರೋನಿಕಾ ತಯಾರು ಮಾಡಿ ಕಳಿಸಿದವರು, ಶಾಲೆಗೆ ಹೋಗಿ ಪಾಠ ಹೇಳಬೇಕಾದವರು. ಎರಡೂ ಗುಂಪನ್ನು ಕರೆಸಿಕೊಂಡದ್ದು ಮಂಗಳೂರಿನ ಬಿಷಪ್ ಮರಿ ಎಫ್ರೆಮ್. ಈ ಎರಡು ಗುಂಪನ್ನು ಕಲಸಿಬಿಟ್ಟರೆ ಮುಂದಿನ ಅಧ್ಯಾಯಗಳೆಲ್ಲ ಕೆಡುತ್ತವೆ. 2015ರಲ್ಲಿ ಸಂತ ಪದವಿಗೇರಿದ ಮರಿಯಂ ಬವಾರ್ದಿ ಆ ಪಯಣದಲ್ಲಿದ್ದರು, 1871ರಲ್ಲಿ ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದರು, ಮರುವರ್ಷ ಪೋಗೆ ಮರಳಿದರು. ಆದರೆ ಅವರು ಮಠದ ಗುಂಪಿನವರು, ಶಾಲೆಯ ಗುಂಪಿನವರಲ್ಲ. ಟೀಚರ್ ಎರಡು ಬಣ್ಣದ ಪೆನ್ಸಿಲ್ ಹಿಡಿದು ಪ್ರತಿ ಹೆಸರಿಗೂ ಗುರುತು ಹಾಕಿಕೊಟ್ಟರು.

ಮದರ್ ವೆರೋನಿಕಾ ಆ ಹಡಗು ಹತ್ತಲಿಲ್ಲ. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿದ ಸೋಫಿ ಲೀವ್ಸ್, 1850ರಲ್ಲಿ ಮಾಲ್ಟಾದಲ್ಲಿ ಕಥೋಲಿಕರಾದರು, ಸಂತ ಜೋಸೆಫರ ಸಭೆಯ ಸಿಸ್ಟರ್ ಆಗಿ ಕಲ್ಲಿಕೋಟೆಯವರೆಗೂ ಬಂದಿದ್ದರು. ಈ ಕರಾವಳಿಯ ಹೆಣ್ಣುಮಕ್ಕಳಿಗೆ ಶಾಲೆ ಎಷ್ಟು ಬೇಕೆಂದು ಕಣ್ಣಾರೆ ಕಂಡವರು. ಆದರೂ ಸಂಸ್ಥೆ ಕಟ್ಟಿದ ಮೇಲೆ ತಮ್ಮ ಸಿಸ್ಟರ್‌ಗಳನ್ನು ಕಳಿಸಿ ತಾವು ಫ್ರಾನ್ಸಿನಲ್ಲೇ ಉಳಿದರು. ಆಮೇಲೆ ಪೋ ಮಠ, 1875ರಲ್ಲಿ ಬೆತ್ಲೆಹೇಮ್, ಕೊನೆಗೆ ಮತ್ತೆ ಪೋ. ಇದನ್ನು ತ್ಯಾಗ ಎಂಬ ಒಂದು ಪದದಲ್ಲಿ ದಾಟಿಸಬೇಡಿ ಎಂದು ಟೀಚರ್ ಹಟ ಹಿಡಿದರು. ಅವರು ಕಳಿಸಿದವರು ಏನು ಮಾಡಿದರು ಎಂದು ಬರೆಯಿರಿ, ಮಂಗಳೂರಿನ ಸೇಂಟ್ ಆನ್ಸ್ ಶಾಲೆ ಬರೆಯಿರಿ, 1921ರ ಸೇಂಟ್ ಆಗ್ನೆಸ್ ಕಾಲೇಜು ಬರೆಯಿರಿ, ಆಗ ಅವರು ಬಿಟ್ಟುಕೊಟ್ಟದ್ದು ಏನೆಂದು ಓದುವವರಿಗೇ ತಿಳಿಯುತ್ತದೆ ಎಂದರು. ಪುಸ್ತಿಕೆಯ ಅರ್ಧ ಭಾಗ ಈಗ ಹಾಗೇ ಇದೆ. ಅದೇ ಸರಿ.

ಇನ್ನು ಆ ರಾತ್ರಿ. ಹಸ್ತಪ್ರತಿ ಬರೆದವರನ್ನು ಮಣ್ಣು ಮಾಡಿ ಬಂದ ವಾರ. ಮರುದಿನ ಬೆಳಿಗ್ಗೆ ಕಡತ ಪ್ರೆಸ್ಸಿಗೆ ಹೋಗಬೇಕಿತ್ತು, ಅವರ ಅಕ್ಷರಗಳನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಟೀಚರ್ ಬಂದು ಕೂತರು. ತಾವು ಗಟ್ಟಿಯಾಗಿ ಓದುತ್ತಾ ಹೋದರು, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಆ 1870ರ ಪಯಣದಲ್ಲಿ ಮಠದ ಗುಂಪಿನ ಮೂವರು ಸಿಸ್ಟರ್‌ಗಳು ದಾರಿಯಲ್ಲೇ ತೀರಿಕೊಂಡರು, ಮಂಗಳೂರು ನೋಡಲಿಲ್ಲ. ಆ ಪುಟ ಬಂದಾಗ ಟೀಚರ್ ದನಿ ನಿಂತಿತು. ನಮ್ಮವರೂ ಪುಸ್ತಕ ನೋಡಲಿಲ್ಲ. ಇಷ್ಟು ಸಣ್ಣ ಪುಸ್ತಕ, ಅದನ್ನಾದರೂ ನೋಡಿ ಹೋಗಬಾರದಿತ್ತೇ? ಟೀಚರ್ ನೀರು ಕುಡಿದರು, ಅದೇ ಸಾಲನ್ನು ಮತ್ತೆ ಮೊದಲಿನಿಂದ ಓದಿದರು, ಬೆಳಗಾಗುವವರೆಗೂ ನಿಲ್ಲಿಸಲಿಲ್ಲ.

ಆ ಓದಿನಲ್ಲಿ ಸಿಕ್ಕಿದ್ದೇ ಹೆಚ್ಚು. ‘ನುಡಿ’ ತಂತ್ರಾಂಶದಲ್ಲಿ ಟೈಪಾದ ಕಡತವನ್ನು ಯೂನಿಕೋಡ್‌ಗೆ ತಂದಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರುತ್ತದೆ. ಪುಟಕ್ಕೆ ಹತ್ತು ಸಲ ಬರುವ ‘ಕಾರ್ಮೆಲ್’ ಎಂಬ ಪದವೇ ಮೊದಲು ಕೆಡುವುದು. ಕಣ್ಣು ಅದನ್ನು ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ, ಬಾಯಿ ಎಡವುತ್ತದೆ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯಾದ್ದರಿಂದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ಒಂದು ಪುಟ ಹೆಚ್ಚಾದರೆ ಮೂರು ಖಾಲಿ. ಒಂದು ಫೋಟೊ ತೆಗೆದು 48ಕ್ಕೆ ನಿಲ್ಲಿಸಿದ್ದೂ ಟೀಚರ್ ತೀರ್ಮಾನ. ರಕ್ಷಾಪುಟದ ಮೇಲೆ ‘ಸಂತ’ ಎಂದು ಹಾಕಲು ಆಸೆಪಟ್ಟವರಿಗೆ ಒಪ್ಪುವಂತೆ ಹೇಳಿದ್ದೂ ಅವರೇ: 2014ರಲ್ಲಿ ಘೋಷಣೆಯಾದದ್ದು ‘ಪೂಜ್ಯ’ ಎಂಬ ಹಂತ, ‘ಧನ್ಯ’ ಮತ್ತು ‘ಸಂತ’ ಎಂಬ ಎರಡು ಮೆಟ್ಟಿಲು ಇನ್ನೂ ಇವೆ.

ಟೀಚರ್, ನೀವು ಇಲ್ಲದಿದ್ದರೆ ಆ ಹಸ್ತಪ್ರತಿ ಇವತ್ತಿಗೂ ಕಪಾಟಿನಲ್ಲೇ ಇರುತ್ತಿತ್ತು. ನಿಮ್ಮ ಋಣ ದೊಡ್ಡದು.

ಎರಡನೆಯ ಮುದ್ರಣಕ್ಕೆ ಹಳೆಯ ಶಾಲಾ ಫೋಟೊ ಕಳಿಸುವವರು ದಯವಿಟ್ಟು ಮೊಬೈಲಿನಲ್ಲಿ ತೆಗೆಯಬೇಡಿ, ಬೆಳಕು ಹೊಳೆದು ಮುಖಗಳು ಅಳಿಸಿಹೋಗುತ್ತವೆ. ಫ್ರೇಮಿನಿಂದ ಬಿಡಿಸಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಹಿಂಬದಿಯಲ್ಲಿ ಬರಹವಿದ್ದರೆ ಅದನ್ನೂ ಸೇರಿಸಿ. ಟೀಚರ್ ಅವರ ಮೂರನೆಯ ಅಂಕಣ ತುಂಬುವುದು ಅದರಿಂದಲೇ.